ಹಸಿರು ಬೂಟು

ಶೀನಾ ಮೆಕಾಸ್ಕಿಲ್ ಮೊದಲೇ ಹೇಳಿಬಿಟ್ಟಿದ್ದಾಳೆ:
"ನನಗಾಗಿ ಪ್ರಾರ್ಥನೆ ಗೀರ್ಥನೆ ಬೇಡ.
ಮಾಡಲೇಬೇಕಂದರೆ ಜೋರಾಗಿ ಮಾಡು,
ಎಡಗಿವಿ ಪೂರ್ತಿ ಹೋಗಿದೆ."

ಹೋಗದೆ ಇನ್ನೇನು?
ಮೂವತ್ತು ವರ್ಷ ಸ್ಪೀಕರಿನ ಬಾಯಿಗೇ ಕಿವಿಕೊಟ್ಟು ನಿಂತವಳು.
ಗ್ಲಾಸ್ಗೋದ ಯಾವ ಹಾಲಿನ ಯಾವ ಕಂಬಕ್ಕೆ ಒರಗಿದರೆ
ಗಿಟಾರು ನೇರ ಎದೆಗೂಡಿಗಿಳಿಯುತ್ತದೆ
ಅನ್ನುವುದು ಅವಳಿಗೆ ಬಾಯಿಪಾಠ.
ನನಗೆ ಗೊತ್ತಿದ್ದದ್ದು ಹುಬ್ಬಳ್ಳಿಯ ಮಿಷನ್ ಚರ್ಚು,
ಒಂದು ಮನೆ ಕಚ್ಚಿಕೊಂಡೇ ಇರುತ್ತಿದ್ದ ಹಾರ್ಮೋನಿಯಂ,
ಅವ್ವನ ನೋಟುಪುಸ್ತಕ.

ಅವ್ವ ರಾತ್ರಿ ಹೆಸರು ಓದುತ್ತಿದ್ದಳು, ಕಿರಾಣಿ ಚೀಟಿ ಓದುವ ಹಾಗೆ:
ಕ್ಷಯದ ಸಾಲೊಮೋನ, ಕೆಲಸ ಕಳಕೊಂಡ ಯೇಸುಮಿತ್ರ,
ಗಂಡ ಹೊಡೆಯುವ ಹಿತ್ತಲಮನಿ ರತ್ನವ್ವ,
ರೇಡಿಯೋದವರು ಹೇಳಿದ, ಎಲ್ಲೋ ಮುಳುಗಿದ ದೋಣಿಯ ಜನ.
ನಾನು ತೂಕಡಿಸುತ್ತಿದ್ದೆ.
"ಆಮೆನ್ ಅನ್ನು. ನಿದ್ದಿಯೊಳಗಾದ್ರೂ ಅನ್ನು."

ತೊಂಬತ್ತನಾಲ್ಕರ ನವೆಂಬರು, ಗ್ಯಾಲೋಗೇಟ್ ರಸ್ತೆ.
ತೊಯ್ದ ಕೋಟುಗಳ ನಾಯಿವಾಸನೆ.
ನೆಲದ ಬಿಯರು ಒಂದೊಂದೇ ಹೆಜ್ಜೆಯನ್ನು ಹಿಡಿದು ಬಿಡುತ್ತಿತ್ತು.
ಆ ತಂಡದ ಹೆಸರು ಈಗ ಶೀನಾಳಿಗೂ ನೆನಪಿಲ್ಲ.
ಡ್ರಮ್ಮಿನವನು ಎಡಚ, ಅಷ್ಟೇ.

ಮೂರನೇ ಹಾಡೋ ನಾಲ್ಕನೆಯದೋ,
ಹಿಂದೆ ಯಾರೋ ಕುಸಿದರು.
ಎಳ್ಳು ಹಾಕಿದರೆ ನೆಲ ಸೇರದ ಜನ; ದಾರಿ ಬಿಡಲು ದಾರಿಯಿಲ್ಲ.
ಆಮೇಲೆ ತಲೆಗಳ ಮೇಲೆ
ಅಂಗಾತ ಬಂದಳು ಹುಡುಗಿ,
ಹದಿನೇಳೋ ಹದಿನೆಂಟೋ, ಬಾಯಿ ತುಸು ತೆರೆದಿತ್ತು.
ಹಾಡು ನಿಲ್ಲಲಿಲ್ಲ. ನಾವೂ ನಿಲ್ಲಿಸಲಿಲ್ಲ.
ಹಾಡುತ್ತಲೇ ಕೈ ಎತ್ತಿದೆವು.
ನನ್ನ ಪಾಲಿಗೆ ಬಂದದ್ದು ಎಡಗಾಲಿನ ಮೀನಖಂಡ,
ಒಂದು, ಎರಡು ಎಣಿಸುವಷ್ಟು ಹೊತ್ತು.
ಇಷ್ಟೇನಾ, ಅನ್ನಿಸಿತು.
ಆಚೆಯ ಕೈಗಳು ಅವಳನ್ನು ತೆಗೆದುಕೊಂಡವು.
ನನ್ನ ಕೈಯಲ್ಲಿ ಹಸಿರು ಬೂಟೊಂದು ಉಳಿಯಿತು,
ಒಳಗೆ ಇನ್ನೂ ಬೆಚ್ಚಗೆ.

ಅಲ್ಲಿಂದೀಚೆಗೆ ಎಷ್ಟೋ ಜನರಿಗಾಗಿ ಬೇಡಿದ್ದೇನೆ.
ಎಲ್ಲ ಚೊಕ್ಕ ಅಂತ ಹೇಳಲಾರೆ.
ನಾದಿನಿಗೆ ಬುದ್ಧಿ ಕೊಡು ಅಂದದ್ದು
ಪ್ರಾರ್ಥನೆಯಲ್ಲ, ಚಾಡಿ.
ಏಳನೇ ಮಂಚದ ಮುದುಕನನ್ನು ಬೇಗ ಬಿಡಿಸು ಅಂದಾಗ
ನನ್ನ ರಾತ್ರಿಪಾಳಿಯೂ ಬೇಗ ಮುಗಿಯಲಿ ಅನ್ನುವುದು
ಅದರ ಸೆರಗು ಹಿಡಿದು ಬಂದಿತ್ತು.
ಉಳಿದವರು ಉಳಿದರು, ಹೋದವರು ಹೋದರು.
ಲೆಕ್ಕ ತಾಳೆಯಾಗಲಿಲ್ಲ.
ತಾಳೆ ನೋಡುವುದನ್ನೇ ಬಿಟ್ಟೆ.

ಪೇಸ್ಲಿಯ ಹಳೇ ಚರ್ಚೊಂದರಲ್ಲಿ ಇನ್ನೊಮ್ಮೆ,
ಎಂಬತ್ತು ದಾಟಿದ ಹಾಡುಗಾರ
ತಾನೇ ಕಟ್ಟಿದ ಹಾಡಿನ ನಡುವೆ ಮಾತು ಮರೆತ.
ಬೆರಳುಗಳು ಮಾತ್ರ ತಂತಿಯ ಮೇಲೆ ಅಲೆಯುತ್ತಿದ್ದವು,
ಕತ್ತಲಲ್ಲಿ ಸ್ವಿಚ್ಚು ತಡಕುವ ಹಾಗೆ.
ಹಿಂದಿನ ಸಾಲಿನಿಂದ ಒಂದು ಒರಟು ಗಂಡುದನಿ
ಮುಂದಿನ ಸಾಲನ್ನು ಮೆಲ್ಲಗೆ ಎತ್ತಿತು.
ಆಮೇಲೆ ಎಲ್ಲರೂ. ನನಗೆ ಬರುತ್ತಿರಲಿಲ್ಲ, ತುಟಿ ಆಡಿಸಿದೆ.
ಅವನು ತಲೆಯಾಡಿಸುತ್ತ ಕೇಳಿಸಿಕೊಂಡ,
ಯಾರದೋ ಹಾಡು, ಚೆನ್ನಾಗಿದೆ, ಅನ್ನುವವನಂತೆ.

ಇವತ್ತು ಶೀನಾಳಿಗೆ ನಾಲ್ಕನೇ ಕೀಮೋ.
ಅವಳ ಬಲಗಿವಿಯ ಕಡೆಗೆ ಕುರ್ಚಿ ಎಳೆದುಕೊಂಡಿದ್ದೇನೆ.
ಹನಿಯಂತ್ರ ಟಿಕ್ ಟಿಕ್ ಅನ್ನುತ್ತಿದೆ, ತಾಳ ತಪ್ಪದೆ.
ಮುಚ್ಚಿದ ಕಣ್ಣಲ್ಲೇ ಕೇಳುತ್ತಾಳೆ:
"ಶುರು ಮಾಡಿದೆಯಾ?"
"ಇಲ್ಲ."
"ಸುಳ್ಳಿ."
ನಗುತ್ತಾಳೆ, ಕೆಮ್ಮುತ್ತಾಳೆ. ನಾನು ನೀರು ಹಿಡಿಯುತ್ತೇನೆ,
ಒಂದು, ಎರಡು ಎಣಿಸುವಷ್ಟು ಹೊತ್ತು.

ಅವತ್ತು ಎಲ್ಲ ಮುಗಿದ ಮೇಲೆ
ಬೂಟನ್ನು ಕೋಟಿನ ಕಟಕಟೆಯವನಿಗೆ ಕೊಟ್ಟೆ.
ಒಂದು ಛತ್ರಿ, ಒಂದು ಹಲ್ಲಿನ ಸೆಟ್ಟು,
ಅವುಗಳ ನಡುವೆ ಅದನ್ನು ನಿಲ್ಲಿಸಿದ.
"ಬರ್ತಾರೆ" ಅಂದ. ನನ್ನ ಹೆಸರು ಕೇಳಲಿಲ್ಲ,
ಅವಳದೂ.
ಹೊರಗೆ ಜಿನುಗುವ ಹಿಮ. ಕಿವಿಯೊಳಗೆ ಜೇನುಗೂಡು.
ಬಸ್‌ಸ್ಟಾಪಿನವರೆಗೂ ಒಬ್ಬರಿಗೊಬ್ಬರು ಕೂಗುತ್ತಲೇ ನಡೆದೆವು.

"ಆ ಹುಡುಗಿಗೆ ಎಚ್ಚರಾಯಿತಾ?" ನಾನು ಕೂಗಿದೆ.
ಶೀನಾ ಅಂಗೈಯನ್ನು ಕಿವಿಗೆ ಬಟ್ಟಲು ಮಾಡಿ
ಬಾಗಿದಳು:
"ಏನಂದೆ?"